ಕೆಂಪಾಪುರದ ಅಜ್ಜಿಗೆ ವಿಡಿಯೊ ತೋರಿಸಿದ್ದು

ಯಾವುದಾದರೂ ಯಂತ್ರದ ಮೇಲೆ ‘ಆಟೊ’ ಎಂದು ಬರೆದಿದ್ದರೆ ಅದನ್ನು ಅದರ ಪಾಡಿಗೆ ಬಿಡಲಾರದ ಜಾಯಮಾನ ನನ್ನದು. ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದು ಒಂದು ವಸ್ತು ಭರವಸೆ ಕೊಟ್ಟ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಇಸ್ತ್ರಿಪೆಟ್ಟಿಗೆ ತಾನಾಗಿ ಆರುವ ಮೊದಲೇ ಪ್ಲಗ್ ಕಿತ್ತಿರುತ್ತೇನೆ. ನಮ್ಮ ಹಳೆಯ ಟಿ.ವಿ.ಯ ಬಣ್ಣವನ್ನು ನಾನು ತಿದ್ದುತ್ತಲೇ ಇದ್ದುದರಿಂದ, ವಾರ್ತೆ ಓದುವ ಹೆಣ್ಣುಮಗಳು ನಮ್ಮ ಮನೆಯಲ್ಲಿ ಒಂದು ದಿನ ಕಾಮಾಲೆ ಹಿಡಿದವಳಂತೆಯೂ ಮರುದಿನ ಕುಂಕುಮದ ನೀರಲ್ಲಿ ಮುಖ ತೊಳೆದವಳಂತೆಯೂ ಕಾಣುತ್ತಿದ್ದಳು. ನನ್ನವ್ವ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಮನೆಗೆ ಒಬ್ಬನೇ ಗಂಡುಮಗ, ತಂದೆಯಿಲ್ಲದವನು, ಏನೋ ಮಾಡಿಕೊಳ್ಳಲಿ ಎಂಬ ಉದಾರಬುದ್ಧಿ ಅವಳದು.

ತಪ್ಪು ಪೂರ್ತಿ ನನ್ನದೂ ಅಲ್ಲ. ಆಗ ನನಗೆ ಸಿಕ್ಕಿದ್ದ ಕೆಲಸವೇ ಅಂಥದ್ದು. ಬಿಡದಿಯ ಸುತ್ತ ಹಿಪ್ಪುನೇರಳೆ ತೋಟಗಳ ನಡುವೆ ಒಂದೊಂದಾಗಿ ಫ್ಯಾಕ್ಟರಿಗಳು ಎದ್ದು ನಿಲ್ಲುತ್ತಿದ್ದ ಕಾಲ. ಅಂಥದೊಂದು ಫ್ಯಾಕ್ಟರಿಯಲ್ಲಿ ವಾಹನದ ಬಾಗಿಲುಗಳಿಗೆ ಬಳಿದ ಬಣ್ಣವನ್ನು ಪರೀಕ್ಷಿಸುವುದು ನನ್ನ ಪಾಲಿಗೆ ಬಂದಿತ್ತು. ಟ್ಯೂಬ್‌ಲೈಟಿನ ಕೆಳಗೆ ಬಾಗಿಲನ್ನು ಓರೆಮಾಡಿ, ಕಣ್ಣು ಕಿರಿದು ಮಾಡಿ, ಕೂದಲೆಳೆಯಷ್ಟು ಗೀರು ಕಂಡರೂ ವಾಪಸ್ ಕಳಿಸಬೇಕು. ಬೆಳಗಿನಿಂದ ಸಂಜೆವರೆಗೆ ಊನ ಹುಡುಕಿ ಬಂದವನು ಮನೆಯಲ್ಲಿ ಸುಮ್ಮನೆ ಹೇಗೆ ಕೂತಾನು? ರಾಮನಗರದ ನಮ್ಮ ಬೀದಿಗೆ ಫ್ಯಾಕ್ಟರಿ ಬಸ್ಸು ಬಂದು ನನ್ನನ್ನು ಇಳಿಸುತ್ತಿದ್ದಂತೆ ನನ್ನ ತಂಗಿ ಜಯಲಕ್ಷ್ಮಿ, “ಅವ್ವಾ, ತಟ್ಟೆ ಇನ್ನೊಂದ್ಸಲ ತೊಳ್ಕೊಂಬಾ, ಇನ್ಸ್‌ಪೆಕ್ಟರ್ ಬಂದ” ಎನ್ನುತ್ತಿದ್ದಳು.

ಜಯಳಿಗೂ ಕೆಲಸವಿತ್ತು. ಊರಾಚೆ ತೆರೆದಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೊಲಿಯುವವಳಾಗಿ ಸೇರಿ, ಸ್ವಲ್ಪ ಕಾಲದಲ್ಲೇ ಒಂದು ಸಾಲು ಮಿಷನ್ನುಗಳಿಗೆ ಸೂಪರ್‌ವೈಸರ್ ಆಗಿದ್ದಳು. ಅವಳ ಸಾಲಿನ ಹೆಂಗಸರು ಸಾತನೂರು, ಕನಕಪುರದ ಕಡೆಯಿಂದೆಲ್ಲ ಬರುತ್ತಿದ್ದರು. ಒಬ್ಬಳಿಗೆ ತಲೆನೋವು, ಇನ್ನೊಬ್ಬಳಿಗೆ ಅತ್ತೆ, ಮತ್ತೊಬ್ಬಳಿಗೆ ಬಸ್ಸು ತಪ್ಪಿದ್ದು. ಇವರನ್ನೆಲ್ಲ ಸಂಭಾಳಿಸಿ ಅಂಗಿಗಳನ್ನು ಹೊರಗೆ ಕಳಿಸುತ್ತಿದ್ದಳು. ಅವಳ ದನಿ ಮಿಷನ್ನುಗಳ ಸದ್ದನ್ನು ಮೀರಿ ಕೇಳಿಸುವಂತೆ ಬೆಳೆದಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಆಚೆ ಮನೆಯವರು ಉಪ್ಪು ತಂದುಕೊಡುವಷ್ಟು.

ಇಂಥ ಮನೆಗೆ ಕ್ಯಾಮರಾ ಬಂದದ್ದು ಫ್ಯಾಕ್ಟರಿಯ ವಾರ್ಷಿಕೋತ್ಸವದ ಲಕ್ಕಿ ಡ್ರಾದಲ್ಲಿ. ಉಳಿದವರಿಗೆ ಟಿಫನ್ ಕ್ಯಾರಿಯರ್, ಗೋಡೆ ಗಡಿಯಾರ ಸಿಕ್ಕಿದಾಗ ನನಗೆ ಡಿಜಿಟಲ್ ಕ್ಯಾಮರಾ ಸಿಕ್ಕಿತು. ಫೋಟೊ ತೆಗೆಯುತ್ತದೆ, ವಿಡಿಯೊ ಕೂಡ ಹಿಡಿಯುತ್ತದೆ, ಹಳದಿ ಬಿಳಿ ಪಿನ್ನುಗಳ ವೈರು ಸಿಕ್ಕಿಸಿದರೆ ಟಿ.ವಿ.ಯಲ್ಲೂ ತೋರಿಸುತ್ತದೆ. ಜೊತೆಗಿದ್ದ ಪುಸ್ತಕದಲ್ಲಿ ಲೋಕದ ಭಾಷೆಗಳೆಲ್ಲ ಇದ್ದವು, ಕನ್ನಡ ಒಂದಿರಲಿಲ್ಲ. ಇಂಗ್ಲಿಷ್ ಪುಟಗಳನ್ನು ನಾನು ಪರೀಕ್ಷೆಗೆ ಓದಿದಂತೆ ಓದಿ, ಅರ್ಥವಾದಷ್ಟರಲ್ಲಿ ತಿಳಿದದ್ದೇನೆಂದರೆ, ಫೋಕಸ್ಸನ್ನೂ ಬೆಳಕನ್ನೂ ಅದು ತಾನೇ ಸರಿಮಾಡಿಕೊಳ್ಳುತ್ತದೆ; ಆದರೆ ಬೇಕಾದವರು ಕೈಯಿಂದಲೂ ಮಾಡಬಹುದು. ಬೇಕಾದವರು ಎಂದರೆ ನಾನೇ ಎಂದು ನನಗೆ ಸ್ಪಷ್ಟವಾಯಿತು. ಮುಂದಿನ ಕಷ್ಟಗಳಿಗೆಲ್ಲ ಆ ಒಂದು ವಾಕ್ಯ ಮೂಲ.

ಆ ಹೊತ್ತಿಗೆ ಜಯಳಿಗೆ ಗಂಡು ನೋಡುತ್ತಿದ್ದರು. ಅವ್ವನ ತಮ್ಮ ಪುಟ್ಟಸ್ವಾಮಿ ಮಾವ ಒಂದು ಸಂಬಂಧ ತಂದಿದ್ದ. ಹುಡುಗ ನಾಗರಾಜು, ಮಾಗಡಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಅವನೂ ಅವನ ತಾಯಿಯೂ ಬಂದು ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಹೋಗಿದ್ದರು. ಹುಡುಗ ಹೆಚ್ಚು ಮಾತಾಡಲಿಲ್ಲ. ಅವನಿಗೆ ಹಿತ್ತಲಲ್ಲಿ ಕೈತೊಳೆಯಲು ನೀರು ಕೊಟ್ಟು ಒಳಗೆ ಬಂದ ಜಯ, “ಪರ್ವಾಗಿಲ್ಲ ಕಣವ್ವ, ಕೇಳಿಸ್ಕೋತಾನೆ” ಎಂದಳು. ನಮ್ಮ ಮನೆಯಲ್ಲಿ ಅದು ದೊಡ್ಡ ಹೊಗಳಿಕೆ. ಎರಡೂ ಕಡೆ ಒಪ್ಪಿಗೆಯಿದ್ದ ಹಾಗೇ ಇತ್ತು. ಬಾಕಿ ಉಳಿದದ್ದು ಹುಡುಗನ ಅಜ್ಜಿಯ ಮಾತು. ಚಿಕ್ಕತಾಯಮ್ಮ ಎಂಬ ಆ ಅಜ್ಜಿ ಇದ್ದದ್ದು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ತಂದೆ ಇಲ್ಲದ ಮೊಮ್ಮಗನನ್ನು ಸಾಕಿದವಳು ಅವಳೇ, ಆದ್ದರಿಂದ ಅವಳು ಹೂಂ ಅನ್ನದೆ ಆ ಮನೆಯಲ್ಲಿ ಏನೂ ನಡೆಯುವಂತಿರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮಂಚ ಹಿಡಿದಿದ್ದಳು. ಬಸ್ಸು ಹತ್ತುವ ಹಾಗಿರಲಿಲ್ಲ. ಹೆಣ್ಣನ್ನೇ ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದರೆ ನಮ್ಮವ್ವ, “ಮದ್ವೆಗ್ ಮುಂಚೆ ಹೆಣ್ಣು ಅವರ ಹೊಸ್ತಿಲು ತುಳಿಯೋದುಂಟಾ?” ಎಂದು ಕೂತುಬಿಟ್ಟಳು. ಮಾವ ಫೋಟೊ ಕಳಿಸಿದ. ಅಜ್ಜಿ ಅದನ್ನು ಹಾಗೇ ವಾಪಸ್ ಕಳಿಸಿದಳಂತೆ. “ಪಟದಾಗೆ ಎಲ್ರೂ ಚೆಂದಾಗೇ ಅವ್ರೆ. ಮಾತಾಡೋದು ಹೆಂಗೆ, ಕೂರೋದು ಹೆಂಗೆ, ಅದು ಬೇಕು ನಂಗೆ.”

ಆಗ ಮಾವನಿಗೆ ನನ್ನ ಕ್ಯಾಮರಾ ನೆನಪಾಯಿತು. “ಲೇ ಕುಮಾರ, ನಿನ್ ಡಬ್ಬದಾಗೆ ವಿಡಿಯೊ ಬತ್ತದೆ ಅಂದಿದ್ದಲ್ಲ. ಜಯನ್ನ ಒಸಿ ಮಾತಾಡಿಸಿ ಹಿಡ್ಕೊಂಬುಡು. ನಾವಿಬ್ರೂ ತಕ್ಕೊಂಡೋಗಿ ಮುದುಕೀಗೆ ತೋರಿಸ್ಕೊಂಡ್ ಬರಾನ.”

ಇಷ್ಟು ದಿನ ಕೋಳಿ, ನುಗ್ಗೆಮರ, ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬ ಎಂದು ವ್ಯರ್ಥವಾಗುತ್ತಿದ್ದ ನನ್ನ ಪ್ರತಿಭೆಗೆ ಕಡೆಗೂ ತಕ್ಕ ಕೆಲಸ ಬಂತು ಎಂದು ನಾನು ಹಿಗ್ಗಿದೆ.

ಚಿತ್ರೀಕರಣ ಒಂದು ಭಾನುವಾರ. ಮೊದಲು ನಡುಮನೆಯಲ್ಲಿ, ಕಿಟಕಿಯ ಮುಂದೆ ಕುರ್ಚಿ ಹಾಕಿ ಜಯಳನ್ನು ಕೂರಿಸಿದೆವು. ಹಸಿರು ಸೀರೆ, ಮುಡಿತುಂಬ ಹೂ. ನಾನು ಕ್ಯಾಮರಾ ಎತ್ತಿ ನೋಡಿದರೆ ಪರದೆಯ ಮೇಲೆ ಕಿಟಕಿ ಝಗಝಗ ಎನ್ನುತ್ತಿದೆ, ಅದರ ಮುಂದೆ ಸೀರೆಯುಟ್ಟ ಇದ್ದಿಲಿನ ಬೊಂಬೆಯೊಂದು ಕೂತಿದೆ. ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ ಗಾಬರಿಯಾದಳು. “ಏನ್ಲಾ ಇದು? ನನ್ ಮಗಳು ಇಷ್ಟು ಕಪ್ಪಾ?” ಹಿಂದಿನಿಂದ ಬೆಳಕು ಬಂದರೆ ಕ್ಯಾಮರಾ ಮೋಸಹೋಗುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಹೆಚ್ಚಿಸಬೇಕು ಎಂದು ನಾನು ವಿವರಿಸಿ ಪ್ಲಸ್ ಗುಂಡಿ ಒತ್ತಿದೆ. ಮುಖ ಕಂಡಿತು. ಇನ್ನೊಮ್ಮೆ ಒತ್ತಿದೆ. ಮುಖ ಬೆಳ್ಳಗಾಯಿತು, ಕಿಟಕಿ ಗೋಡೆ ಎರಡೂ ಮಾಯವಾದವು. ಅವ್ವನಿಗೆ ಬಹಳ ಸಂತೋಷವಾಯಿತು. “ಹಾ, ಇಂಗೇ ಇರ್ಲಿ. ಇನ್ನೊಸಿ ಒತ್ತು.”

ಜಯ ಎದ್ದು ಬಂದು ಪರದೆ ನೋಡಿದಳು. “ಅಣ್ಣ, ನಾನಿರೋ ಬಣ್ಣದಾಗೇ ತೋರಿಸು. ನೀನು ಬೆಳ್ಳಗೆ ಮಾಡಿ ಕಳಿಸ್ಬುಟ್ರೆ, ಆಮೇಲೆ ಅಲ್ಲಿಗೋಗಿ ನಾನು ಸುಣ್ಣ ಬಳ್ಕೊಂಡು ಕೂತ್ಕೊಳ್ಳಾ?”

ಅವಳ ಮಾತಿಗೆ ಎದುರಾಡುವ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕುರ್ಚಿಯನ್ನು ಹಿತ್ತಲಿಗೆ ಸಾಗಿಸಿದೆವು. ಅಲ್ಲಿ ನುಗ್ಗೆಮರದ ನೆರಳು. ನುಗ್ಗೆಯ ನೆರಳೆಂದರೆ ಗೊತ್ತಲ್ಲ, ಅರ್ಧ ಬಿಸಿಲು ಅರ್ಧ ನೆರಳು, ಅದೂ ನಿಂತಲ್ಲಿ ನಿಲ್ಲದ್ದು. ಗಾಳಿ ಬೀಸಿದಾಗ ಜಯಳ ಮುಖದ ಮೇಲೆ ಬೆಳಕಿನ ಬೊಟ್ಟುಗಳು ಕಣ್ಣಾಮುಚ್ಚಾಲೆ ಆಡುತ್ತಿದ್ದವು. ಆಟೊಗೆ ಬಿಟ್ಟಿದ್ದರೆ ಕ್ಯಾಮರಾ ಹೇಗೋ ಸುಧಾರಿಸಿಕೊಳ್ಳುತ್ತಿತ್ತೇನೋ. ನಾನು ಬಿಡಲಿಲ್ಲ. ಮೋಡ ಬಂದರೆ ಪ್ಲಸ್, ಬಿಸಿಲು ಬಂದರೆ ಮೈನಸ್. ನಾನು ಪ್ಲಸ್ ಒತ್ತುವ ಹೊತ್ತಿಗೆ ಮೋಡ ಹೋಗಿರುತ್ತಿತ್ತು, ಮೈನಸ್ ಒತ್ತಿದಾಗ ಇನ್ನೊಂದು ಬಂದಿರುತ್ತಿತ್ತು. ಮೋಡಗಳಿಗೂ ನನಗೂ ಹಳೆಯ ಜಗಳವಿದ್ದಂತೆ ಆ ಬೆಳಗ್ಗೆ ಕಳೆಯಿತು.

ಫೋಕಸ್ಸಿನದು ಬೇರೆಯೇ ಕಥೆ. ಜಯಳ ಹಿಂದೆ, ಬೇಲಿಯಾಚೆ ಪಕ್ಕದವರು ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಬಿಸಿಲಿಗೆ ಇಟ್ಟಿದ್ದರು. ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಸುರುಳಿ ಸುರುಳಿಯಾಗಿ ಸುತ್ತಿದ ಅದರ ದಬ್ಬೆಗಳು ನೋಡಲು ಬಲು ಅಂದ. ನನ್ನ ಕ್ಯಾಮರಾಗೂ ಹಾಗೇ ಅನ್ನಿಸಿರಬೇಕು. ಜಯಳ ಮೂಗಿನ ಮೇಲೆ ನಿಲ್ಲಿಸಿದ ಫೋಕಸ್ಸು ಗುರ್ ಎಂದು ಸದ್ದು ಮಾಡಿಕೊಂಡು ಹಿಂದಕ್ಕೆ ಓಡಿ ಚಂದ್ರಿಕೆಯ ಮೇಲೆ ಕೂರುತ್ತಿತ್ತು. ಬಿದಿರಿನ ಒಂದೊಂದು ಸೀಳೂ ಎಣಿಸುವಷ್ಟು ಸ್ಪಷ್ಟ. ಮುಂದೆ ನನ್ನ ತಂಗಿ ಹಸಿರು ಮೋಡದಂತೆ. ನಾನು ಲೆನ್ಸಿನ ಸುತ್ತಲಿನ ಉಂಗುರ ತಿರುಗಿಸಿ ಅವಳನ್ನು ವಾಪಸ್ ತರುತ್ತಿದ್ದೆ. ಅವಳು ಮಾತಾಡುತ್ತ ತುಸು ಮುಂದಕ್ಕೆ ಬಾಗಿದರೆ ಮತ್ತೆ ಮಂಜು. ಮಾತು ಶುರುಮಾಡಿದ್ದಳು, ಅದು ನನಗೆ ಗೊತ್ತು. ತುಟಿ ಅಲ್ಲಾಡುತ್ತಿತ್ತು. ಅವ್ವ ಅಡುಗೆಮನೆಗೆ ಹೋಗಿದ್ದಳು, ಮಾವ ಬೀಡಿಗೆ ಆಚೆ ಹೋಗಿದ್ದ. ನಾನೊಬ್ಬನೇ ಎಡಗೈಯಲ್ಲಿ ಉಂಗುರ, ಬಲಹೆಬ್ಬೆರಳಲ್ಲಿ ಪ್ಲಸ್ಸು ಮೈನಸ್ಸು ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದೆ. ಕೊನೆಗೆ ಅವಳು ಕೈಮುಗಿದಾಗ ಮುಗಿಯಿತೆಂದು ತಿಳಿದು ನಿಲ್ಲಿಸಿದೆ.

“ಚೆನ್ನಾಗಿ ಮಾತಾಡ್ದೆ ಕಣೆ” ಎಂದೆ.

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. “ನಿಂಗೇನೂ ಅನ್ನಿಸ್ಲಿಲ್ವಾ ಅಣ್ಣ?”

“ಬಿಸಿಲು ಒಸಿ ಕೈಕೊಡ್ತು. ಪರ್ವಾಗಿಲ್ಲ, ನಾನು ಅಡ್ಜಸ್ಟ್ ಮಾಡಿವ್ನಿ.”

ಅವಳಿಗೆ ನಾನು ಸಮ್ಮತಿ ಕೊಟ್ಟಂತೆ ಕೇಳಿಸಿತಂತೆ. ಇದನ್ನು ಅವಳು ಬಹಳ ಕಾಲದ ಮೇಲೆ ಹೇಳಿದಳು. ಅಂದು ಒಳಗೆ ಹೋಗಿ ಅವ್ವನ ಜೊತೆ ಕೂತು ಸೊಪ್ಪು ಬಿಡಿಸುತ್ತ ಹಾಡು ಗುನುಗುತ್ತಿದ್ದಳು.

ಆ ವಾರವೆಲ್ಲ ನಾನು ವಿಡಿಯೊವನ್ನು ಕ್ಯಾಮರಾದ ಪುಟ್ಟ ಪರದೆಯಲ್ಲೇ ನೋಡಿ ಬೆಳಕು ಪರೀಕ್ಷಿಸಿದೆ; ಅದಕ್ಕೆ ಸ್ಪೀಕರಿರಲಿಲ್ಲ, ನಮ್ಮ ಹಳೆಯ ಟಿ.ವಿ.ಗೆ ಆ ಪಿನ್ನುಗಳು ಕೂರುತ್ತಿರಲಿಲ್ಲ. ಮುಂದಿನ ಭಾನುವಾರ ಮಾವನೂ ನಾನೂ ಮಾಗಡಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕ್ಯಾಮರಾ ನನ್ನ ತೊಡೆಯ ಮೇಲಿತ್ತು, ಹಾಲಿನ ಚೊಂಬು ಇಟ್ಟುಕೊಂಡವನಂತೆ ಹಿಡಿದಿದ್ದೆ. ಆ ದಾರಿಯಲ್ಲಿ ಆಗ ಬಂಡೆಗಳೂ ಹೊಲಗಳೂ ಎಷ್ಟು ಹತ್ತಿರ ಬಂದು ಬಸ್ಸಿನೊಳಕ್ಕೆ ಇಣುಕುತ್ತಿದ್ದವು! ಈಗ ಕಾರಿನಲ್ಲಿ ಹೋಗುತ್ತೇನೆ, ಗಾಜು ಏರಿಸಿರುತ್ತೇನೆ, ಏನೂ ಇಣುಕುವುದಿಲ್ಲ. ಮಾಗಡಿಯಲ್ಲಿ ನಾಗರಾಜು ಕಾದಿದ್ದು ನಮ್ಮನ್ನು ಕೆಂಪಾಪುರಕ್ಕೆ ಕರೆದುಕೊಂಡು ಹೋದ. ಅಜ್ಜಿ ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಸಣ್ಣ ಮೈ, ದೊಡ್ಡ ಮೂಗುಬೊಟ್ಟು. ಹುಡುಗನ ತಾಯಿ ಕಾಫಿ ಕೊಟ್ಟು ಬಾಗಿಲಿಗೆ ಒರಗಿ ನಿಂತಳು. ಟಿ.ವಿ. ಸಿದ್ಧವಿತ್ತು, ವೈರು ಸಿಕ್ಕಿಸಿದೆ. ಕರೆಂಟು ಇರಲಿಲ್ಲ.

ಕರೆಂಟು ಬರುವವರೆಗೆ ಮಾವ ಜಯಳ ಗುಣಗಾನ ಮಾಡಿದ. ರೊಟ್ಟಿ ಹೆಂಗೆ ತಟ್ತಾಳೆ, ಎಷ್ಟು ಬೇಗ ಏಳ್ತಾಳೆ. ಹುಡುಗನ ತಾಯಿ ಮೆಲ್ಲಗೆ, “ಕೆಲ್ಸಕ್ಕೋಯ್ತಾಳಂತಲ್ಲ, ಮದ್ವೆ ಆದ್ಮೇಲೆ...?” ಎಂದಳು. ಮಾವ ಕೂಡಲೇ, “ಅಯ್ಯೋ, ಅದೇನು ಟೈಮ್‌ಪಾಸ್‌ಗೆ. ಮದ್ವೆ ಆದ್ಮೇಲೆ ಯಾವ ಕೆಲ್ಸ ಬುಡಿ” ಎಂದುಬಿಟ್ಟ. ಜಯ ಕೆಲಸ ಬಿಡುವವಳಲ್ಲ ಎಂದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಮದುವೆ ಆಗಲಿ, ಆಮೇಲೆ ನೋಡಿಕೊಂಡರಾಯಿತು ಎಂಬುದು ಗಂಡಸರ ರಾಜನೀತಿ. ನಾನು ಕಾಫಿಲೋಟದೊಳಗೆ ನೋಡುತ್ತ ಕೂತೆ. ಎದುರಿಗೆ ನಾಗರಾಜು ಕೂಡ ತನ್ನ ಲೋಟದೊಳಗೇ ನೋಡುತ್ತಿದ್ದ.

ಕರೆಂಟು ಬಂತು. ನಾನು ಗುಂಡಿ ಒತ್ತಿದೆ. ಪರದೆಯ ಮೇಲೆ ಅತ್ಯಂತ ಸ್ಪಷ್ಟವಾಗಿ ಪಕ್ಕದ ಮನೆಯ ಚಂದ್ರಿಕೆ ಬಂದಿತು. ಹುಡುಗನ ತಾಯಿ, “ಚಂದ್ರಿಕೆ ಹೊಸವು ಕಣ್ರೀ, ಎಲ್ಲಿ ತಂದ್ರಿ?” ಎಂದಳು. ಗುರ್ ಎಂದು ಸದ್ದಾಗಿ ಹಸಿರು ಮೋಡ ಗಟ್ಟಿಯಾಗಿ ಜಯ ಆದಳು, ಬೆಳ್ಳಗಾದಳು, ಕಪ್ಪಾದಳು, ಮತ್ತೆ ಮೋಡವಾದಳು. ಆದರೆ ದನಿ ಮಾತ್ರ ಫ್ಯಾಕ್ಟರಿಯ ದನಿ. ಒಂದಕ್ಷರ ಮಸುಕಿಲ್ಲ.

“ಅಜ್ಜಿ, ನಮಸ್ಕಾರ. ನಾನು ಜಯಲಕ್ಷ್ಮಿ. ನಿಮ್ ಸೊಂಟ ಬೇಗ ವಾಸಿಯಾಗ್ಲಿ. ನಾನು ಗಾರ್ಮೆಂಟ್ಸಿಗೆ ಕೆಲ್ಸಕ್ಕೋಯ್ತೀನಿ. ಮದ್ವೆ ಆದ್ಮೇಲೂ ಹೋಯ್ತೀನಿ. ನಿಮ್ಮೂರಿಗೂ ಫ್ಯಾಕ್ಟರಿ ವ್ಯಾನ್ ಬತ್ತದೆ, ವಿಚಾರಿಸಿವ್ನಿ. ಇದನ್ನ ನಮ್ಮೋರು ಯಾರೂ ನಿಮಗೆ ಹೇಳಿರಾಕಿಲ್ಲ, ಹೆದ್ರುತಾರೆ. ಅದ್ಕೇ ನಾನೇ ಹೇಳ್ತಾ ಇವ್ನಿ.”

ಮಾವ ಬೀಡಿಗಾಗಿ ಜೇಬು ತಡಕಾಡತೊಡಗಿದ. ನನ್ನ ಸ್ಥಿತಿ ಅದಕ್ಕಿಂತ ಕೆಟ್ಟದು, ಏಕೆಂದರೆ ಇದನ್ನು ಅವಳು ಹೇಳಿದ್ದು ನನಗೇ, ನನ್ನ ಎದುರಿಗೇ. ನಾನು ಕೇಳುತ್ತಿದ್ದದ್ದು ಅದೇ ಮೊದಲು. ಅಷ್ಟರಲ್ಲಿ ಟಿ.ವಿ.ಯೊಳಗಿಂದ ಒಬ್ಬ ಗಂಡಸಿನ ದನಿ ಗಂಭೀರವಾಗಿ ನುಡಿಯಿತು: “ಗದ್ದ ಒಸಿ ಮೇಲಕ್ಕೆತ್ತು, ಮೂಗಿನ ನೆರಳು ಬೀಳ್ತಾ ಐತೆ.”

ಜಯ ಗದ್ದ ಎತ್ತಿ ಮುಂದುವರಿಸಿದಳು. “ಬೇಡ ಅನ್ನಿಸಿದ್ರೆ ಈಗ್ಲೇ ಹೇಳ್ಬುಡಿ ಅಜ್ಜಿ, ನಂಗೆ ಬೇಜಾರಿಲ್ಲ. ಮದ್ವೆ ಆದ್ಮೇಲೆ ಹೇಳಿದ್ರೆ ಇಬ್ರಿಗೂ ಬೇಜಾರು.” ಕೈಮುಗಿದಳು. ಪರದೆ ಕಪ್ಪಾಯಿತು.

ಮಾವ ವೈರು ಕೀಳಲು ಬಗ್ಗಿದ. “ಇನ್ನೊಂದ್ಸಲ ಹಾಕಪ್ಪ” ಎಂದಳು ಅಜ್ಜಿ. ಹಾಕಿದೆ. ಗದ್ದ ಒಸಿ ಮೇಲಕ್ಕೆತ್ತು ಎಂದು ಆ ಗಂಡಸು ಇನ್ನೊಮ್ಮೆ ಹೇಳಿದ. ಅವನನ್ನು ನಾನು ಎಲ್ಲಿಯಾದರೂ ಕಂಡಿದ್ದರೆ ಹೊಡೆಯುತ್ತಿದ್ದೆ.

ಏನಾದರೂ ಹೇಳಬೇಕಲ್ಲ ಎಂದು ನಾನು, “ಅಜ್ಜಿ, ಬೆಳಕು ಸರಿಯಾಗಿ ಸಿಗ್ಲಿಲ್ಲ, ಮುಖ ಒಸಿ ಮಂಜು ಮಂಜಾಗಿ...” ಎಂದು ತೊದಲಿದೆ.

“ಕಣ್ಗೆ ಪೊರೆ ಬಂದು ಎಷ್ಟೋ ಕಾಲ ಆಯ್ತಪ್ಪ” ಎಂದಳು ಅಜ್ಜಿ. “ನೀನೂ ಮಂಜೇ, ನಿನ್ ಮಾವನೂ ಮಂಜೇ. ಮಾತೊಂದು ಚೆಂದಾಗ್ ಕೇಳ್ತದೆ ನಂಗೆ.” ಆಮೇಲೆ ಮೊಮ್ಮಗನ ಕಡೆ ತಿರುಗಿದಳು. “ಏನ್ಲಾ ನಾಗ, ನಿಂಗೆ ಗೊತ್ತಿತ್ತಾ ಇದು?”

ನಾಗರಾಜು ಲೋಟ ಕೆಳಗಿಟ್ಟ. “ಗೊತ್ತಿತ್ತು ಕಣಜ್ಜಿ. ಹೆಣ್ಣು ನೋಡಕ್ಕೋದಾಗ್ಲೇ ಹೇಳಿದ್ಲು. ನಂಗೆ ಒಪ್ಗೆ. ನಿಂಗೆ ಹೆಂಗಪ್ಪ ಹೇಳೋದು ಅಂತ...”

“ಅವನ್ಗೂ ಬಾಯಿಲ್ಲ, ಇವನ್ಗೂ ಬಾಯಿಲ್ಲ, ಆ ಬೀಡಿ ವಾಸ್ನೆಯೋನು ಬಾಯ್ಬುಟ್ರೆ ಸುಳ್ಳು. ಕೊನೆಗೆ ಹೆಣ್ ಮಗೀನೇ ಹೇಳ್ಬೇಕಾಯ್ತು.” ಅಜ್ಜಿ ಸೊಂಟ ನೋವಿಗೆ ಮುಖ ಕಿವುಚಿ ಸರಿದು ಕೂತಳು. “ನಾನು ಮಾಗಡಿಗೆ ಮೊಸರು ಹೊತ್ಕೊಂಡೋಯ್ತಿದ್ದೆ. ಸೊಸೆ ಬೀದೀಗೋದ್ರೆ ಮಾನ ಹೋಯ್ತದೆ ಅಂತಿದ್ಲು ನಮ್ಮತ್ತೆ. ಮೊಸರು ಹೋಯ್ತು, ಮಾನ ಎಲ್ಲೂ ಹೋಗ್ನಿಲ್ಲ.” ಬಾಗಿಲ ಬಳಿಯಿದ್ದ ಸೊಸೆಗೆ, “ಅವರ್ಗೆ ಊಟಕ್ಕಿಕ್ಕವ್ವ. ಒಪ್ಕೊಂಡ ಮನೆಯೋರು ಬರೀ ಕಾಫೀಲಿ ಹೋಗಬಾರ್ದು” ಎಂದಳು.

ಊಟಕ್ಕೆ ಕೂತೆವು. ನಾಗರಾಜು ನನ್ನ ಪಕ್ಕ ಕೂತು, ತಗ್ಗಿದ ದನಿಯಲ್ಲಿ, ಆ ವಿಡಿಯೊದ ಒಂದು ಕಾಪಿ ತನಗೆ ಸಿಗಬಹುದೇ ಎಂದು ಕೇಳಿದ. ಮಸುಕಾಗಿದೆಯಲ್ಲ ಎಂದೆ. ಇರಲಿ ಎಂದ. ನನಗೆ ಆ ಹುಡುಗ ಇಷ್ಟವಾದದ್ದು ಆ ಕ್ಷಣದಲ್ಲಿ. ಅಜ್ಜಿ ಅದುವರೆಗೆ ಯಾರೆಷ್ಟು ಹೇಳಿದರೂ ಕೇಳದಿದ್ದವಳು, ಬರುವ ಸೊಸೆಯ ಮುಖ ನೋಡಬೇಕೆಂದು ಮದುವೆಗೆ ಮುಂಚೆ ಕಣ್ಣಿನ ಆಪರೇಷನ್ ಮಾಡಿಸಿಕೊಂಡಳು. ಆಮೇಲೆ ಆ ಕಣ್ಣಿಂದ ಬಹಳ ಕಾಲ ಜಯಳನ್ನು ನೋಡಿದಳು. ಬೆಳಗ್ಗೆ ವ್ಯಾನಿನ ಹಾರನ್ ಕೇಳಿದರೆ, ‘ಬುತ್ತಿ ತಕ್ಕೊಂಡ್ಯಾ’ ಎಂದು ಒಳಗಿಂದ ಕೂಗುತ್ತಿದ್ದಳಂತೆ. ಈಗ ಅಜ್ಜಿಯಿಲ್ಲ. ಜಯಳ ಆ ಗಾರ್ಮೆಂಟ್ಸ್ ಫ್ಯಾಕ್ಟರಿಯೂ ಇಲ್ಲ, ಅಲ್ಲೊಂದು ಕಲ್ಯಾಣಮಂಟಪ ಬಂದಿದೆ. ನಮ್ಮ ಪಕ್ಕದ ಮನೆಯವರು ರೇಷ್ಮೆ ಬಿಟ್ಟು ಬಾಡಿಗೆಗೆ ಕೋಣೆಗಳನ್ನು ಕಟ್ಟಿಸಿದ್ದಾರೆ. ಜಯ ಮಾಗಡಿಯಲ್ಲಿ ತನ್ನದೇ ಹೊಲಿಗೆ ಘಟಕ ನಡೆಸುತ್ತಾಳೆ, ಅವಳ ದನಿ ಇನ್ನೂ ಹಾಗೇ ಇದೆ.

ಅಂದಿನ ಮದುವೆಯ ತಯಾರಿಯಲ್ಲಿ ಜಯ ಹಾಕಿದ್ದ ಷರತ್ತು ಒಂದೇ: ವಿಡಿಯೊ ಅಣ್ಣ ಹಿಡಿಯಕೂಡದು. ಚನ್ನಪಟ್ಟಣದಿಂದ ಒಬ್ಬ ವಿಡಿಯೊಗ್ರಾಫರನನ್ನು ಗೊತ್ತುಮಾಡಿದೆವು. ಬಂದವನಿಗೆ ಲೈಟು ಹಿಡಿಯುವ ಜೊತೆಗಾರ ಕೈಕೊಟ್ಟಿದ್ದ. ಎಕ್ಸ್‌ಪೋಷರಿನ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ ಎಂದು ಅವನು ಕೇಳಿದನೋ, ಅವನು ಕೇಳುವ ಮೊದಲೇ ನಾನು ಹೇಳಿಕೊಂಡೆನೋ, ಈಗ ನೆನಪಿಲ್ಲ. ಮುಹೂರ್ತದ ಉದ್ದಕ್ಕೂ ಕಣ್ಣು ಕುಕ್ಕುವ ಆ ಲೈಟನ್ನು ಎತ್ತಿ ಹಿಡಿದು, “ಸಾರ್, ಒಸಿ ಎಡಕ್ಕೆ, ಸಾರ್, ಅಲ್ಲಾಡಬೇಡಿ” ಎಂದು ಬೈಸಿಕೊಳ್ಳುತ್ತ ಅವನ ಬೆನ್ನ ಹಿಂದೆ ನಿಂತಿದ್ದೆ.

ಹೀಗಾಗಿ ನನ್ನ ಒಬ್ಬಳೇ ತಂಗಿಯ ಮದುವೆಯ ಅಷ್ಟುದ್ದದ ಸಿ.ಡಿ.ಯಲ್ಲಿ, ಬಾಳೆಎಲೆ ತೆಗೆದವರವರೆಗೆ ಎಲ್ಲರೂ ಇದ್ದಾರೆ, ನಾನಿಲ್ಲ. ಹೊಸದಾಗಿ ನೆಂಟಸ್ತಿಕೆ ಆದವರು ಅದನ್ನು ನೋಡಿ, ಹೆಣ್ಣಿನ ಅಣ್ಣ ಮದುವೆಗೆ ಬರಲಿಲ್ಲವೇ ಎಂದು ಅನುಮಾನದಿಂದ ಕೇಳುವುದುಂಟು. ಅವ್ವ ನನ್ನ ಪರ ವಹಿಸಿಕೊಂಡು ಹೇಳುತ್ತಾಳೆ: “ಬಂದಿದ್ದ ಕಣವ್ವ. ತಾಳಿ ಕಟ್ಟೋ ಹೊತ್ನಾಗೆ ಬೆಳಕು ಅಲ್ಲಾಡ್ತದೆ ನೋಡು, ಅದೇ ನಮ್ ಕುಮಾರ.”

ಲೈಟು ಭಾರವಿತ್ತು, ಕೈ ನೋಯುತ್ತಿತ್ತು ಎಂದು ನಾನು ಪ್ರತಿಸಲವೂ ಹೇಳುತ್ತೇನೆ. ಇದುವರೆಗೆ ಒಬ್ಬರೂ ನಂಬಿಲ್ಲ.